ಚಿಕ್ಕಮ್ಮ ಕ್ರಾಸುಲ

ನಮ್ಮಜ್ಜ ಎತ್ತಿನ ಮೇಲೆ ಬರುತ್ತಿದ್ದ, ನಾನು ಮೊಪೆಡ್ಡಿನ ಮೇಲೆ.
ಹಿಂದಿನ ಸೀಟಿಗೆ ಬಿಗಿದ ಬಟ್ಟೆಗಂಟಿನೊಳಗೆ
ಗಂಡಸಿ ಸೀಮೆಯ ನೂರಾ ಹನ್ನೊಂದು ಮನೆ.
ಹೆಳವ ಬಂದರೆ ಮೊದಲು ನೀರು ಕೊಡಿ,
ಆಮೇಲೆ ಕೇಳಿ: ನಿಮ್ಮ ಮೂಲದವ ಯಾರು,
ಯಾವ ಹೊಳೆ ದಾಟಿ ಬಂದ, ಯಾರ ಮೇಲೆ ಮುನಿದು.

ಮರುಳಪ್ಪನ ಮನೆಯಲ್ಲಿ ಈ ಸಲ ಕುರ್ಚಿ ಹಾಕಿತ್ತು.
ಕುರ್ಚಿಯಲ್ಲಿ ಬೆಳ್ಳನೆ ಹೆಂಗಸು,
ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು.
ಬೋಝೆನ ಅಂತ, ಪೋಲೆಂಡಿನವರು, ಅಂದಳು ದಾಕ್ಷಾಯಿಣಿ,
ನಮ್ಮ ಮುತ್ತಜ್ಜಿಯ ಅಕ್ಕನ ಮೊಮ್ಮಗಳು ಇರಬಹುದು.
ಇರಬಹುದು, ಅಷ್ಟೇ.
ಅವರ ಕಾಗದದಲ್ಲಿ ಹೆಸರು ಜೋಫಿಯ,
ನಮ್ಮ ರೇಷನ್ ಕಾರ್ಡಿನಲ್ಲಿ ಯಶೋದಮ್ಮ.

ಕಾಗದ ತೋರಿಸಿದಳು. ಎಷ್ಟೊಂದು ಸೀಲು!
ರೈಲಿಗೆ ತುಂಬಿದವರ ಪಟ್ಟಿ,
ಕೊಲ್ಲಾಪುರದ ಕ್ಯಾಂಪಿನ ಪಟ್ಟಿ,
ಹಡಗು ಹತ್ತಿದವರ ಪಟ್ಟಿ. ಅದರಲ್ಲಿ ಅಕ್ಕ ಇದ್ದಾಳೆ, ತಂಗಿ ಇಲ್ಲ.
ಹಡಗು ಹತ್ತದವರನ್ನು ಬರೆಯಲು
ಆ ರೇವಿನಲ್ಲಿ ಯಾರೂ ಪುಸ್ತಕ ಇಟ್ಟಿರಲಿಲ್ಲ.

ನಾನು ಶುರು ಮಾಡಿದೆ, ಯಾವತ್ತೂ ಮಾಡುವ ಹಾಗೆ:
ಹಾರನಹಳ್ಳಿ ಬಿಟ್ಟು ಬಂದವ ಹಿರೇಮರುಳ,
ಹಿರೇಮರುಳನ ಮಗ ಗುಡ್ಡಪ್ಪ, ಗುಡ್ಡಪ್ಪನಿಗೆ ಮೂವರು,
ನಡುವಿನವ ಸಣ್ಣಮರುಳ, ಮಿಲಿಟರಿ ಲಾರಿ ಓಡಿಸಿದವ,
ಕೊಲ್ಲಾಪುರದಿಂದ ಹೆಣ್ಣು ತಂದವ.
ಇಲ್ಲಿಗೆ ನಮ್ಮ ದಾರಿ ಮುಗಿಯಿತು.
ಸೊಸೆಯ ತವರು ನಾವು ಬರೆಯುವುದಿಲ್ಲ,
ಅದು ಬೇರೆ ಹೆಳವನ ಪಾಲು.

ಅವಳ ತವರಿಗೆ ಯಾವ ಹೆಳವ ಹೋದಾನು?
ಅಜ್ಜ ಹೊರಟು ನಿಂತಾಗ ಎತ್ತಿನ ಹಗ್ಗ ಹಿಡಿದಳಂತೆ.
ಆಗ ಅವಳಿಗೆ ಬರುತ್ತಿದ್ದ ಕನ್ನಡ
ಬಾ, ಹೋಗು, ಉಣ್ಣು, ಬರಿ.
ಬರಿ, ಅಂದಳಂತೆ.
ಅತ್ತೆಗೆ ಕಾಣದ ಹಾಗೆ ಎರಡು ಸೇರು ಹುರುಳಿ ಸುರಿದಳಂತೆ ಜೋಳಿಗೆಗೆ.
ಅಜ್ಜ ಪುಸ್ತಕ ತಿರುಗಿಸಿ, ಕೊನೆಯ ಹಾಳೆಯಲ್ಲಿ,
ತಲೆಕೆಳಗಾಗಿ, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆದ.

ಆ ಹಾಳೆಯನ್ನೂ ನಾನು ಓದುತ್ತೇನೆ.
ಮೂವತ್ತು ವರ್ಷದಿಂದ, ಇದೇ ಜಗಲಿಯಲ್ಲಿ:
ನಾನು ಝೋಶ. ಅಪ್ಪ ಸ್ತಾಶೆಕ್ಕ. ಅವ್ವ ಮಾರಿಷ.
ಅಕ್ಕ ಹಾನ್ಯ. ತಮ್ಮ ಯಾಶು, ರೈಲಿನಲ್ಲಿ ಹೋದ.
ಚಿಕ್ಕಮ್ಮ ಕ್ರಾಸುಲ, ಮನೆಯಲ್ಲೇ ಉಳಿದಳು.

ಬೋಝೆನ ಕೈ ಎತ್ತಿದಳು.
ನಾನು ನಿಲ್ಲಿಸಿದೆ.
ಕ್ರಾಸುಲ? ಅಂದಳು.
ಕ್ರಾಸುಲ, ಅಂದೆ.
ನಗತೊಡಗಿದಳು ನೋಡಿ, ಕುರ್ಚಿ ಕಿರುಗುಟ್ಟುವ ಹಾಗೆ,
ಕಣ್ಣು ಒರೆಸಿಕೊಳ್ಳುತ್ತ ಎರಡು ಬೆರಳು ಹಣೆಗಿಟ್ಟು
ಅಂಬಾ ಅಂದಳು.

ಹಸು.
ಮೂವತ್ತು ವರ್ಷ ನಾನು ಹಸುವನ್ನು ಚಿಕ್ಕಮ್ಮ ಮಾಡಿದ್ದೆ,
ನನಗಿಂತ ಮೊದಲು ಅಪ್ಪ, ಅಪ್ಪನಿಗಿಂತ ಮೊದಲು ಅಜ್ಜ.
ಹಿಮದ ರಾತ್ರಿ ಸಿಪಾಯಿಗಳು ಬಂದು
ಅರ್ಧ ಗಂಟೆಯಲ್ಲಿ ಎಬ್ಬಿಸಿಕೊಂಡು ಹೋದಾಗ
ಕೊಟ್ಟಿಗೆಯಲ್ಲೇ ಬಿಟ್ಟದ್ದು, ಕೆಚ್ಚಲು ತುಂಬಿದ್ದ ಹಸು.
ಅದು ಯಾವ ಸೀಲಿನ ಕಾಗದದಲ್ಲೂ ಇಲ್ಲ.
ಹಾನ್ಯಜ್ಜಿ ಸಾಯುವ ತನಕ ಸಂಜೆಯಾದರೆ ಕೇಳುತ್ತಿದ್ದಳಂತೆ:
ಕ್ರಾಸುಲನ್ನ ಯಾರು ಕರೆದರು?
ದಾಕ್ಷಾಯಿಣಿ ಕನ್ನಡದಲ್ಲಿ ಹಾಗೆ ಹೇಳಿದ್ದು
ನನಗೆ ಎರಡು ಥರ ಕೇಳಿಸಿತು,
ಹಾಲು ಒಂದು, ಹೆಸರು ಒಂದು.

ಚಿಕ್ಕಮ್ಮ ಅನ್ನುವುದನ್ನು ಹೊಡೆದು ಹಾಕೋಣ ಅಂತ ಪೆನ್ನು ತೆಗೆದೆ.
ಬೋಝೆನ ಹಾಳೆಯ ಮೇಲೆ ಅಂಗೈ ಇಟ್ಟಳು, ಎತ್ತಲಿಲ್ಲ.
ಸರಿ, ಇರಲಿ ಚಿಕ್ಕಮ್ಮ.
ಕೈ ಎತ್ತಿದ ಮೇಲೆ ಕೆಳಗೆ ಜಾಗ ಹುಡುಕಿ ಬರೆದೆ:
ಹಾನ್ಯಳ ಮಗಳು ತೆರೇಸ, ತೆರೇಸಳ ಮಗಳು ಬೋಝೆನ.
ಮಗಳಿಂದ ಮಗಳಿಗೆ ಗೆರೆ ಎಳೆದದ್ದು
ನಮ್ಮ ಪುಸ್ತಕದಲ್ಲಿ ಇದೇ ಮೊದಲು, ಕೈ ಸ್ವಲ್ಪ ವಾಲಿತು.

ಎಷ್ಟು ಕೊಡಬೇಕು, ಕೇಳಿ, ಅಂದಳಂತೆ.
ಎರಡು ಸೇರು ಹುರುಳಿ, ಅಂದೆ.
ಈ ಹಾಳೆಗೆ ದರ ಅದೇ.