ಹದಿನಾಲ್ಕು ಮೆಟ್ಟಿಲು

ನಮ್ಮಿಬ್ಬರಿಗೂ ಒಂದೇ ಪೇಪರು.
ಬಿಲ್ಲು ಅರ್ಧರ್ಧ, ಮೊದಲ ಓದು ಓನರದು.
ಇದು ಅಗ್ರಿಮೆಂಟಿನಲ್ಲಿಲ್ಲ.
ನಸುಕಿಗೇ ಟೊಮೆಟೊ ಮಂಡಿಗೆ ಹೋಗಿ
ಕ್ರೇಟುಗಳ ಲೆಕ್ಕ ಬರೆದು
ನಾನು ಕಠಾರಿಪಾಳ್ಯಕ್ಕೆ ಮರಳುವ ಹೊತ್ತಿಗೆ
ಕೆಳಗಿನ ಮೆಟ್ಟಿಲ ಮೇಲೆ ಮಡಿಸಿಟ್ಟಿರುತ್ತಾರೆ ಪಿಳ್ಳಮ್ಮ,
ಅಂತರಗಂಗೆ ಕಡೆಯ ಗಾಳಿಗೆ ಹಾರದಂತೆ
ಒಂದು ಕಲ್ಲು ಹೇರಿ.

ಇವತ್ತು ಬಿಚ್ಚಿದರೆ ಮೂರನೇ ಪುಟದಲ್ಲಿ
ಅಂಗೈಯಗಲ ತೂತು.
ಕತ್ತರಿ ನೆಟ್ಟಗೆ ಹೋಗಿಲ್ಲ.
ಅದರೊಳಗಿಂದ ಐದನೇ ಪುಟದ
ಕುಕ್ಕರ್ ಜಾಹೀರಾತಿನವಳು ನಗುತ್ತಿದ್ದಾಳೆ.

ಹೋದದ್ದೇನೆಂದು ಗೊತ್ತಿತ್ತು.
ಮಂಡಿಯಲ್ಲಿ ಟೀ ಕುಡಿಯುತ್ತಾ ಓದಿದ್ದೆ:
ಬಾಡಿಗೆ ಕಾಯ್ದೆಗೆ ತಿದ್ದುಪಡಿಯಂತೆ,
ಮುಂಗಡ ಎರಡು ತಿಂಗಳು ಮೀರಬಾರದಂತೆ,
ಬಿಡಿಸುವ ಮುಂಚೆ ನೋಟಿಸಂತೆ,
ಸದ್ಯಕ್ಕೆ ಕರಡಂತೆ.
ಇಷ್ಟೊಂದು ಅಂತೆ
ನನ್ನ ಮದುವೆ ಮಾತುಕತೆಯಲ್ಲೂ ಕೇಳಿರಲಿಲ್ಲ.

ನಾನು ಕೊಟ್ಟಿದ್ದು ಹತ್ತು ತಿಂಗಳದ್ದು.
ಅರವತ್ತು ಸಾವಿರ.
ಅಮ್ಮನ ಎರಡು ಬಳೆ ಅದರೊಳಗಿವೆ.

ಬಾಗಿಲು ತಟ್ಟಿದೆ, ತೂತನ್ನು ಎದುರಿಗೆ ಹಿಡಿದು.
ಆಡಬೇಕಾದ ಮಾತು ನಾಲಿಗೆ ಮೇಲೆ
ಸಾಲಾಗಿ ನಿಂತಿತ್ತು.

‘ಬಾಮ್ಮ, ನಿನ್ನ ದಾರೀನೇ ನೋಡ್ತಿದ್ದೆ.’
ಕನ್ನಡಕದ ಡಬ್ಬಿಯಿಂದ ಚೂರು ತೆಗೆದರು.
‘ಕರಡು ಅಂದ್ರೆ ಬಂತು ಅಂತಲೋ, ಬರಬೇಕು ಅಂತಲೋ?’
‘ಬರಬೇಕು.’
‘ಬಂದ್ರೆ ನಿಂಗೆಷ್ಟು ವಾಪಸ್ಸು?’
‘ಎಂಟು ತಿಂಗಳದ್ದು. ಹಳೇ ಕರಾರಿಗೂ ಹಾಕ್ತಾರೋ ಇಲ್ವೋ
ಇದರಲ್ಲಿ ಬರೆದಿಲ್ಲ.’

ಚೂರನ್ನು ತಿರುಗಿಸಿ ಹುಡುಕಿದೆವು.
ಹಿಂಬದಿಯಲ್ಲಿ ನಿನ್ನೆಯ ಟೊಮೆಟೊ ದರ,
ಅದೂ ಅರ್ಧ ಕತ್ತರಿಸಿದ್ದು.

ಪಿಳ್ಳಮ್ಮ ಬೆರಳು ಮಡಿಸಲಿಲ್ಲ.
ಹೊರಗೆ ಮೆಟ್ಟಿಲ ಕಡೆ ನೋಡಿದರು.
ನಾನು ರೂಮು ನೋಡಲು ಬಂದ ದಿನ ಅಲ್ಲಿ ಬಿದಿರಿನ ಏಣಿ;
ದುಡ್ಡು ಕೈಸೇರಿದ ವಾರವೇ ಜಲ್ಲಿ ಬಿತ್ತು,
ಸಿಮೆಂಟು ಬಂತು, ಮೇಸ್ತ್ರಿ ಬಂದ.
‘ಹದಿನಾಲ್ಕರಲ್ಲಿ ಹನ್ನೊಂದು ನಿಂದೇ ಆಯ್ತಲ್ಲ.
ಒಡೆದು ಕೊಡ್ಲಾ?’
ನಗುತ್ತಾರೇನೋ ಎಂದು ಕಾದೆ.
ಸೆರಗಿನಿಂದ ಕನ್ನಡಕ ಒರೆಸಿದರು, ಅಷ್ಟೇ.

ಸಾಲಾಗಿ ನಿಂತ ಮಾತುಗಳಲ್ಲಿ
ಒಂದೂ ಕೆಳಗಿಳಿಯಲಿಲ್ಲ.
ಸಾರು ಕುದಿಯುವ ವಾಸನೆ ಬರುತ್ತಿತ್ತು.
‘ಪೇಪರು ನಾಳೆಯಿಂದ ಕತ್ತರಿಸಲ್ಲ’ ಎಂದರು.
‘ಕತ್ತರಿಸಿ, ಪರವಾಗಿಲ್ಲ’ ಎಂದೆ.

ಹತ್ತುವಾಗ ಮೊದಲ ಸಲ ಎಣಿಸಿದೆ.
ಹನ್ನೊಂದಕ್ಕೆ ಕಾಲು ತಾನೇ ನಿಂತಿತು.
ಅವರ ಮೂರು ಮೇಲಿನವೋ, ಕೆಳಗಿನವೋ?
ಕೇಳಲಿಲ್ಲ.
ಅದೂ ಅಗ್ರಿಮೆಂಟಿನಲ್ಲಿಲ್ಲ.