ಕರಗಿದ್ದು

ಬಂಗಡೆ ಕೊಳ್ಳುವವಳು ಕಿವಿರು ಎತ್ತಿ ನೋಡುತ್ತಾಳೆ.
ಕೆಂಪಿದ್ದರೆ ಬುಟ್ಟಿಗೆ, ಬೂದಿಬಣ್ಣವಿದ್ದರೆ ಹಿಂದಕ್ಕೆ.
ಬೈತಖೋಲದಲ್ಲಿ ಹುಟ್ಟಿದವರಿಗೆ ಇದನ್ನು
ಯಾರೂ ಕಲಿಸಬೇಕಾಗಿಲ್ಲ.
ಆದರೆ ಇಸ್ತ್ರಿ ಅಂಗಿಯ ಮನುಷ್ಯನಿಗೆ
ಕಿವಿರು ಎಲ್ಲಿರುತ್ತದೆ?

ನಾಲ್ಕು ವರ್ಷ ನನ್ನ ಐಸ್ ಫ್ಯಾಕ್ಟರಿಯ ಲೆಕ್ಕ
ಕಾಜೂಬಾಗದ ಒಂದು ಗಾಜಿನ ಬಾಗಿಲ ಹಿಂದಿತ್ತು.
ಒಳಗೆ ಎಸಿ, ನನ್ನ ಐಸಿಗಿಂತ ತಂಪು.
"ಇಲ್ಲೊಂದು ಸಹಿ, ಇಲ್ಲೊಂದು,
ಉಳಿದದ್ದು ನನಗೆ ಬಿಡಿ, ತಾಂಡೇಲ್ ಬಾಯಿ."
ಬಿಟ್ಟೆ.
ತಿಂಗಳು ತಿಂಗಳು ತೆರಿಗೆಯ ದುಡ್ಡು ಎಣಿಸಿ ಕೈಗಿಟ್ಟೆ.
ರಸೀದಿ ಕೇಳಿದರೆ ನಗುತ್ತಿದ್ದ:
"ಈಗೆಲ್ಲ ಆನ್‌ಲೈನ್, ಕಾಗದ ಎಲ್ಲಿಂದ ತರಲಿ?"
ಫೋನ್ ನಂಬರು ಅವನದು, ಇಮೇಲು ಅವನದು.
ಇಲಾಖೆ ಕಳಿಸಿದ ಏಳು ನೋಟೀಸು
ಅವನ ಕಿಸೆಯಲ್ಲೇ ಟಣ್ ಎಂದು
ಅಲ್ಲೇ ಸತ್ತವು.
ಎಂಟನೆಯದು ಮನೆ ಬಾಗಿಲಿಗೆ ಬಂತು.
ಓಡಿ ಹೋಗಿ ನೋಡಿದರೆ ಅದೇ ಗಾಜಿನ ಮೇಲೆ
ಮೊಬೈಲ್ ಕವರ್ ಅಂಗಡಿಯ ಬೋರ್ಡು.

ಬಡ್ಡಿ. ದಂಡ. ಕಟ್ಟಿದೆ,
ಟೆಂಪೋ ಮಾರಿ.

ಆಮೇಲೆ ಊರೆಲ್ಲ ಸಲಹೆ.
ಸದಾಶಿವಗಡದಲ್ಲೊಬ್ಬ, ಭಾವನ ಗೆಳೆಯ,
"ಅಗ್ಗ, ಮತ್ತೆ ನಮ್ಮವನೇ."
ನಮ್ಮವನೇ ಎಂದರೆ
ತಪ್ಪಿದರೂ ಜಗಳವಾಡಲಾಗದವನು.
ಅಂಕೋಲೆಯವನೊಬ್ಬ ಫೋನಿನಲ್ಲೇ ಮಾತು ಕೊಟ್ಟ,
ದೊಡ್ಡ ರಿಫಂಡು ತರಿಸುತ್ತಾನಂತೆ, ಕಾಲು ಪಾಲು ಅವನಿಗಂತೆ.
ನನ್ನ ಒಂದು ಕಾಗದವನ್ನೂ ಅವನು ಕಂಡಿರಲಿಲ್ಲ.
ದೋಣಿ ಕಾಣದೆ ಮೀನೆಷ್ಟೆಂದು ಹೇಳುವವರಿಗೆ
ನಮ್ಮ ಧಕ್ಕೆಯಲ್ಲಿ ಒಂದು ಹೆಸರಿದೆ,
ಇಲ್ಲಿ ಬರೆಯಲಾರೆ.

ಜೂನ್. ಟ್ರಾಲರುಗಳಿಗೆ ರಜೆ.
ನಾಡದೋಣಿಗಳಿಗೆಂದು ಒಂದೇ ಕಂಪ್ರೆಸರು ಗುರುಗುಡುತ್ತಿತ್ತು.
ಕೋಡಿಬಾಗದಿಂದ ಸ್ಕೂಟರಿನಲ್ಲಿ ಬಂದ ವಿಲ್ಮಾ ಫುರ್ಟಾಡೊ
ರೇನ್‌ಕೋಟು ಕಳಚುವ ಮೊದಲೇ ಕೇಳಿದಳು:
"ನೂರು ಕಿಲೋ ಇಲ್ಲಿಂದ ಹೊರಟರೆ
ದೋಣಿಗೆ ಮುಟ್ಟುವುದು ಎಷ್ಟು?"
ಏಪ್ರಿಲಿನಲ್ಲಿ ಎಂಬತ್ತು, ಎಂದೆ. ಚಳಿಗೆ ತೊಂಬತ್ತರ ಮೇಲೆ.
"ಕರಗಿದ್ದನ್ನು ಎಲ್ಲಿ ಬರೆದಿದ್ದೀರಿ?"

ನಾಲ್ಕು ವರ್ಷ ಯಾರೂ ಕೇಳದ ನೀರು
ನೆಲದ ಮೇಲೆ ಹರಿದು ಬಂದು
ನಮ್ಮಿಬ್ಬರ ಚಪ್ಪಲಿ ತೋಯಿಸಿತು.

ತನ್ನ ಸದಸ್ಯತ್ವದ ನಂಬರು ಚೀಟಿಯಲ್ಲಿ ಬರೆದಿಟ್ಟಳು,
"ಹುಡುಕಿ ನೋಡಿ, ಆಮೇಲೆ ಫೋನು ಮಾಡಿ."
ಕೋಲ್ಡ್ ರೂಮಿನ ಸಾಲದ ಬಗ್ಗೆ ಕೇಳಿದ್ದಕ್ಕೆ
"ಗೊತ್ತಿಲ್ಲ, ಗುರುವಾರ ಹೇಳುತ್ತೇನೆ" ಎಂದಳು.
ಗೊತ್ತಿಲ್ಲ ಎಂಬ ಮಾತನ್ನು
ಆ ಎಸಿ ಕೋಣೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ ನಾನು.
ಗುರುವಾರ, ಮಳೆಯಲ್ಲಿ, ಹೇಳಿದಳು.

ಅವಳಿಗೆ ಕೊಟ್ಟ ಬಿಲ್ಲುಗಳ ಕಟ್ಟಿನ ನಡುವೆ
ಒಂದು ಡೀಸೆಲ್ ಚೀಟಿ ಇಟ್ಟಿದ್ದೆ,
ಅಣ್ಣನ ಜೀಪಿನದು.
ಅದರ ಸುತ್ತ ಪೆನ್ಸಿಲಿನ ಸುತ್ತು.
"ಇದು ನನಗೆ ಹಾಕಿದ ಗಾಳವೋ, ನಿಮ್ಮ ರೂಢಿಯೋ?
ಗಾಳವಾದರೆ ಸರಿ.
ರೂಢಿಯಾದರೆ ಬೇರೆಯವರನ್ನು ನೋಡಿಕೊಳ್ಳಿ.
ನಾನೂ ನೋಡಿಯೇ ಕೊಳ್ಳುವವಳು."

ಕಿವಿಯ ಹಿಂದೆ ತಣ್ಣಗೆ ಎರಡು ಬೆರಳು
ಇಟ್ಟಂತಾಯಿತು.
ಗಾಳ, ಎಂದೆ.
ಅರ್ಧ ಮಾತ್ರ ಗಾಳವಾಗಿತ್ತೆಂದು
ಇವತ್ತಿಗೂ ಹೇಳಿಲ್ಲ.

ಈಗ ನಂಬರು ನನ್ನದು, ಟಣ್ ಎನ್ನುವುದು ನನ್ನ ಕಿಸೆಯಲ್ಲಿ.
ನಾನು ಪಾಸ್‌ವರ್ಡ್ ಒತ್ತುವಾಗ ಅವಳು
ಕಿಟಕಿಯಾಚೆಯ ಸಮುದ್ರ ನೋಡುತ್ತಾಳೆ.
ಲೆಕ್ಕದ ಪುಸ್ತಕದಲ್ಲಿ ಒಂದು ಹೊಸ ಕಾಲಂ:
ಕರಗಿದ್ದು.
ಸುಳ್ಳು ಬರೆಯಲು ಇಷ್ಟು ಸುಲಭದ ಜಾಗ
ಇಡೀ ಪುಸ್ತಕದಲ್ಲಿ ಇನ್ನೊಂದಿಲ್ಲ,
ನೀರು ಬಂದು ಸಾಕ್ಷಿ ಹೇಳುವುದಿಲ್ಲ.
ಅದಕ್ಕೇ
ಎರಡು ಸಲ ತೂಗಿ ಬರೆಯುತ್ತೇನೆ.