ಹೌದು, ನಾನು ಹೇಳಿದ್ದು ಅದೇ

ರಾತ್ರಿ ಒಂಬತ್ತೂವರೆಗೆ ನಮ್ಮ ಒಂಬತ್ತನೇ ಬಿ ಗ್ರೂಪಿನಲ್ಲಿ
ನೂರ ಹದಿನೇಳು ಮೆಸೇಜು.
ಕೇಳಿದ್ದು ನಾನೇ, ಮಧ್ಯಾಹ್ನ, ಪಾಠದ ಕೊನೆಗೆ:
ಉಪ್ಪಳದ ಕಡಪ್ಪುರಕ್ಕೆ ಕಲ್ಲಿನ ತಡೆಗೋಡೆ ಬೇಕೋ ಬೇಡವೋ,
ಕಾರಣ ಕೊಟ್ಟು ಬರೆಯಿರಿ.

ಕಾರಣ ಹುಡುಕುತ್ತ ಮೇಲಿಂದ ಇಳಿದೆ.
ಹೆಬ್ಬೆರಳು ಸೋತಿತು.
ಮಿಸ್ರಿಯಾ ಬೇಕು ಎಂದಿದ್ದಾಳೆ.
ಪ್ರಖ್ಯಾತ ಬೇಡ ಎಂದಿದ್ದಾನೆ.
ಗೋಡೆಯ ಮಾತು ಅಲ್ಲಿಗೆ ಮುಗಿದಿದೆ.
ಆಮೇಲೆ ಅವಳ ಕಾಗುಣಿತ, ಅವನ ಅಪ್ಪ,
ಯಾರದೋ ಕಳೆದ ವರ್ಷದ ಗಣಿತದ ಅಂಕ,
ಕಣ್ಣೀರು ಬರುವಷ್ಟು ನಗುವ ಹಳದಿ ಮುಖಗಳ ಸಾಲು,
ತುಳುವಿನಲ್ಲೊಂದು ಬೈಗುಳ, ಮಲಯಾಳದಲ್ಲಿ ಅದಕ್ಕೆ ಉತ್ತರ.
ಪ್ರಬಂಧಕ್ಕೆ ನಾಲ್ಕು ಸಾಲು ಸಿಗದವರಿಗೆ
ಜಗಳಕ್ಕೆ ಮೂರು ಭಾಷೆ.

ಗ್ರೂಪಿಗೆ ಬೀಗ ಹಾಕಿದೆ.
ಇನ್ನು ನಾನೊಬ್ಬನೇ ಬರೆಯಬಹುದು.
ಬರೆಯಲು ಏನೂ ಇರಲಿಲ್ಲ.

ಮರುದಿನ ಸಂಜೆ ತೆರೆದೆ. ಹೇಳಿದೆ:
ಇವತ್ತು ಯಾರೂ ಯಾರಿಗೂ ಉತ್ತರ ಕೊಡುವಂತಿಲ್ಲ.
ಎದುರಿನವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
‘ಹೌದು, ನಾನು ಹೇಳಿದ್ದು ಅದೇ’ ಎಂದು ಅವರು ಒಪ್ಪುವವರೆಗೆ
ನಿಮ್ಮ ‘ಆದರೆ’ ಕಿಸೆಯಲ್ಲಿರಲಿ.

ಪ್ರಖ್ಯಾತ ಬರೆದ: ನಿಂಗೆ ಕಡಲೆಂದರೆ ಹೆದರಿಕೆ.
ಅಲ್ಲ.
ನಿಂಗೆ ದೋಣಿಯವರ ಕಷ್ಟ ಗೊತ್ತಿಲ್ಲ.
ಅಲ್ಲ.
‘ಟೈಪಿಂಗ್’ ಎಂದು ಬಂತು, ಹೋಯಿತು, ಮತ್ತೆ ಬಂತು.
ಕಡೆಗೊಂದು ಪ್ರಶ್ನೆ,
ಎರಡು ದಿನದಲ್ಲಿ ಯಾರಾದರೂ ಕೇಳಿದ ಮೊದಲನೆಯದು:
ಮತ್ತೆ ಎಂತ?

ಎರಡು ವರ್ಷದ ಹಿಂದೆ ರಾತ್ರಿ ಅಡುಗೆಕೋಣೆ ಕಡಲಿಗೆ ಹೋಯ್ತು.
ಉಮ್ಮಮ್ಮ ಬೆಳಗಿನವರೆಗೆ
ಅಕ್ಕಿಡಬ್ಬ ಮಡಿಲಲ್ಲಿಟ್ಟು ಕೂತರು.
ಈಗಲೂ ಮಳೆ ಶುರುವಾದರೆ
ಚೀಲ ಕಟ್ಟಿ ಬಾಗಿಲ ಬಳಿ ಇಡುತ್ತೇವೆ.
ನನ್ನ ಪುಸ್ತಕವೂ ಅದರಲ್ಲೇ.

ಅವನು: ಹಾಗಾದರೆ ಗೋಡೆ ಬೇಕಾದ್ದು
ಚೀಲ ಬಿಚ್ಚಿಡಲಿಕ್ಕೆ.
ಅವಳು: ಹೌದು. ನಾನು ಹೇಳಿದ್ದು ಅದೇ.

ಅವಳ ಸರದಿಗೆ ಮುಕ್ಕಾಲು ಗಂಟೆ ಹಿಡಿಯಿತು.
ಕಲ್ಲು ಹಾಕಿದಲ್ಲಿ ದೋಣಿ ಹತ್ತುವುದಿಲ್ಲ.
ಗೋಡೆ ಎಲ್ಲಿ ನಿಲ್ಲುತ್ತದೋ ಅದರ ಪಕ್ಕದ ಮನೆಯನ್ನು
ಕಡಲು ಮೊದಲು ತಿನ್ನುತ್ತದೆ.
ಪಕ್ಕದ ಮನೆ ನಿಂದು. ಸರಿಯಾ?

ಹೌದು ಎಂದ. ಗೋಡೆ ಬೇಡ ಎಂದೂ ಎಂದ, ಇನ್ನೊಮ್ಮೆ.
ಅವಳು ಬೇಕು ಎಂದಳು.
ಯಾರೂ ಹಳದಿ ಮುಖ ಕಳಿಸಲಿಲ್ಲ.
ನಾನು ಬೆನ್ನು ತಟ್ಟಿಕೊಳ್ಳುವುದರಲ್ಲಿದ್ದೆ.

ಆಗ ಜೋಸ್ವಿಟಾ ಮೊಂತೇರೊ,
ಈವರೆಗೆ ‘ಪ್ರೆಸೆಂಟ್ ಸರ್’ ಬಿಟ್ಟು ಬೇರೆ ಬರೆಯದವಳು:
ಸರ್, ನಿಮ್ಮ ನಿಯಮ ಸರಿ ಇಲ್ಲ.
ಮನೆಯಲ್ಲಿ ನಂದು ಕೊಂಕಣಿ.
ಇನ್ನೊಬ್ಬರ ಮಾತನ್ನು ಕನ್ನಡದಲ್ಲಿ ಕಟ್ಟಿ ಮುಗಿಸುವಾಗ
ನನ್ನ ಮಾತು ಆರಿರುತ್ತದೆ.
ಮತ್ತೆ, ಮೊನ್ನೆ ಬೀಗ ಹಾಕುವಾಗ
ನೀವು ಯಾರ ಮಾತು ತಿರುಗಿ ಹೇಳಿದಿರಿ?

‘ಅದು ಹಾಗಲ್ಲ ಮಗಾ’ ಎಂದು ಬೆರಳು ತಾನೇ ಬರೆಯಿತು,
ಇಪ್ಪತ್ತೆರಡು ವರ್ಷ ಚಾಕ್‌ಪೀಸ್ ಹಿಡಿದ ಬೆರಳು.
ಅಳಿಸಿದೆ. ‘ನಿಯಮ ಎಲ್ಲರಿಗೂ ಒಂದೇ’, ಅದನ್ನೂ ಅಳಿಸಿದೆ.
ಅತ್ತ ಮೂವತ್ತನಾಲ್ಕು ಮಂದಿ
‘ಟೈಪಿಂಗ್’ ಬರುವುದನ್ನೂ ಹೋಗುವುದನ್ನೂ
ನೋಡುತ್ತಿರಬೇಕು.

ಬರೆದೆ: ಕನ್ನಡ ಸಲೀಸಾದವರಿಗೆ ಮಾತ್ರ
ನನ್ನ ನಿಯಮ ಸಲೀಸು ಎನ್ನುತ್ತೀ. ಸರಿಯಾ?

ಪೂರ್ತಿ ಅಲ್ಲ ಸರ್, ಎಂದಳು.
ಬೀಗದ ವಿಷಯ ಬಿಟ್ಟಿರಿ.

ತಟ್ಟೆಯಲ್ಲಿ ಗಂಜಿ ಕೆನೆಗಟ್ಟಿತ್ತು.
ಕನ್ನಡಕ ಒರೆಸಿಕೊಂಡು
ಮತ್ತೆ ಶುರು ಮಾಡಿದೆ.